ಕೆಂಪು ನೂಲಿನ ಮೀನುಗಳು

೧೯೮೪ರಲ್ಲಿ ನಾನು ಜಮಖಂಡಿಯಲ್ಲಿ ಮೀನುಗಾರಿಕೆ ಮೇಲ್ವಿಚಾರಕನಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೈಯಲ್ಲಿದ್ದದ್ದು ಒಂದು ಸೈಕಲ್, ನೀರು ಪರೀಕ್ಷಿಸುವ ಬಾಟಲಿಗಳ ಪೆಟ್ಟಿಗೆ, ಮತ್ತು ಮುಧೋಳ, ಬೀಳಗಿವರೆಗೆ ಹರಡಿಕೊಂಡ ಕೆರೆಗಳು. ಜನ ನನ್ನನ್ನು ‘ಮೀನಿನ ಸಾಹೇಬ’ ಎನ್ನುತ್ತಿದ್ದರು. ಎದುರಿಗೆ ಗೌರವದಿಂದ, ಬೆನ್ನ ಹಿಂದೆ ನಗುತ್ತ.

ಬನಹಟ್ಟಿಯ ಹೊರಗೆ ಒಂದು ಸಣ್ಣ ಕೆರೆಯಿತ್ತು. ಹಿಂದೆ ಬಿಟ್ಟಿದ್ದ ಕಾಟ್ಲಾ, ರೋಹು ಮರಿಗಳಲ್ಲಿ ಎಷ್ಟು ಉಳಿದು ಬೆಳೆದಿವೆ ಎಂಬ ಅಂದಾಜು ಇಲಾಖೆಗೆ ಬೇಕಿತ್ತು. ತಳದ ತುಂಬ ಜಾಲಿಯ ಬೊಡ್ಡೆಗಳು; ಬಲೆ ಹಾಕಿದರೆ ಚಿಂದಿಯಾಗುತ್ತಿತ್ತು. ಹಾಗಾಗಿ ಮಗ್ಗಕ್ಕೆ ರಜೆಯಿದ್ದ ದಿನ ಗಾಳ ಹಿಡಿದು ದಂಡೆಯ ಮೇಲೆ ಕೂರುತ್ತಿದ್ದ ನೇಕಾರರನ್ನೇ ಕೆಲಸಕ್ಕೆ ಹಚ್ಚಿದೆ. ಹಿಡಿದ ಮೀನಿನ ಬೆನ್ನಿನ ರೆಕ್ಕೆಗೆ ಬಣ್ಣದ ನೂಲು ಕಟ್ಟಿ ಮತ್ತೆ ನೀರಿಗೆ ಬಿಡಬೇಕು. ಮುಂದೆ ಗಾಳಕ್ಕೆ ಸಿಗುವ ಮೀನುಗಳಲ್ಲಿ ನೂಲಿನವು ಎಷ್ಟು ಪಾಲು ಎಂದು ನೋಡಿದರೆ ಕೆರೆಯಲ್ಲಿರುವ ಒಟ್ಟು ಮೀನುಗಳನ್ನು ಅಂದಾಜು ಮಾಡಬಹುದು. ಇದಕ್ಕೆ ಟ್ಯಾಗಿಂಗ್ ಎನ್ನುತ್ತಾರೆ. ಮಗ್ಗದಲ್ಲಿ ಎಳೆ ಹರಿದಾಗ ನೇಕಾರರು ಹಾಕುವ ಪುಟ್ಟ ಗಂಟು ನೀರಿನಲ್ಲೂ ಬಿಚ್ಚುತ್ತಿರಲಿಲ್ಲ.

ಗಾಳದವರಲ್ಲಿ ಹನಮಂತಪ್ಪ ಎಂಬ ಕೈಮಗ್ಗದ ನೇಕಾರನಿದ್ದ. ಒಂದು ದಿನ ಮಗಳು ಕಸ್ತೂರಿಯನ್ನೂ ಕರೆತಂದ. ರನ್ನ ಬೆಳಗಲಿ ಊರಿಗೆ ಮದುವೆ ಮಾಡಿಕೊಟ್ಟಿದ್ದ ಮಗಳು. ಚೊಚ್ಚಲ ಕೂಸು ತೀರಿಕೊಂಡ ಮೇಲೆ ತವರಿಗೆ ಬಂದವಳು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಕೂಸಿನ ಹೃದಯದಲ್ಲೇ ದೋಷವಿತ್ತೆಂದು ಡಾಕ್ಟರು ಹೇಳಿದ್ದರೂ, ತನ್ನ ಎದೆಹಾಲು ಸಾಲದೆ ಅದು ಹಸಿದು ಸತ್ತಿತೆಂದೇ ಅವಳು ನಂಬಿದ್ದಳು. ಅಪ್ಪ ಹಿಡಿದುಕೊಂಡ ಮೀನಿಗೆ ಅವಳು ಸೀರೆಯಂಚಿನ ಕೆಂಪು ನೂಲು ಕಟ್ಟಿದಳು. ಬಿಟ್ಟ ಮೀನು ಬಾಲ ಬಡಿದು ಮುಖಕ್ಕೆ ನೀರು ಎರಚಿದಾಗ ಸಣ್ಣಗೆ ನಕ್ಕಳು. ಹನಮಂತಪ್ಪ ನನ್ನ ಕೈ ಹಿಡಿದುಕೊಂಡ.

ಅಂದಿನಿಂದ ತಪ್ಪದೆ ಬಂದಳು. “ಸಾಹೇಬ್ರ, ನಿನ್ನೆ ತಾನ ಕೇಳಿ ರೊಟ್ಟಿ ಉಂಡಳ್ರಿ,” ಎಂದು ಅಪ್ಪ ವರದಿ ಒಪ್ಪಿಸುತ್ತಿದ್ದ. ಆ ಕೆರೆ ನನ್ನ ಪಾಲಿಗೆ ಬರೀ ಇಲಾಖೆಯ ಕೆಲಸವಾಗಿ ಉಳಿಯಲಿಲ್ಲ. ಅಲ್ಲಿಗೆ ಹೋಗುವ ದಿನ ಸೈಕಲ್ಲು ತಾನಾಗಿಯೇ ಓಡುತ್ತಿತ್ತು.

ಮೇ ತಿಂಗಳಲ್ಲಿ ನೀರು ಇಳಿದು ಕೆರೆ ಅರ್ಧವಾಯಿತು. ಅದೇ ಹೊತ್ತಿಗೆ ನಾನು ತುಬಚಿ ಕಡೆಯ ಕೆಲಸಕ್ಕೆ ಹೋಗಿದ್ದೆ. ಮೋಡ ಕವಿದು, ಗಾಳಿಯಾಡದೆ ಧಗೆ ಹೆಚ್ಚಿತ್ತು. ಇಂಥ ದಿನಗಳಲ್ಲಿ ನೀರಿನಲ್ಲಿ ಕರಗಿದ ಆಕ್ಸಿಜನ್ ಕಡಿಮೆಯಾಗಿ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತವೆ. ಕಸ್ತೂರಿ ಅದನ್ನು ನೋಡಿದಳು. ಕೆರೆಯ ತುಂಬ ತೆರೆದ ಬಾಯಿಗಳು.

ಓಣಿಗೆ ಓಡಿ ಮನೆಮನೆಯ ಬಾಗಿಲು ಬಡಿದಳಂತೆ. “ಮೀನ ಹಸದಾವ್ರಿ! ಗಂಜಿ ಇದ್ರ ಕೊಡ್ರಿ!” ನೂಲು ಬಿರುಸಾಗಲೆಂದು ಮಗ್ಗದ ಹಾಸಿನ ಎಳೆಗಳಿಗೆ ಬಳಿಯುವ ಗಂಜಿ ಪ್ರತಿ ನೇಕಾರನ ಮನೆಯಲ್ಲೂ ಇರುತ್ತದೆ. ಎಷ್ಟೋ ತಿಂಗಳಿಂದ ಮೂಕಿಯಂತಿದ್ದ ಹುಡುಗಿ ಬಾಯಿಬಿಟ್ಟು ಕೇಳುತ್ತಿದ್ದಾಳೆ. ಇಲ್ಲ ಎನ್ನಲು ಯಾರಿಗೆ ಮನಸ್ಸು ಬಂದೀತು? ಹಂಡೆಗಟ್ಟಲೆ ಗಂಜಿ ಹೊತ್ತು ತಂದು ಸುರಿದರು. ಮರುದಿನ ಬಾಯಿಗಳು ಇನ್ನೂ ಹೆಚ್ಚಾದವು. ಇನ್ನೂ ಸುರಿದರು.

ನಾನು ಬರುವಷ್ಟರಲ್ಲಿ ಕೆರೆ ಬೆಳ್ಳಗಾಗಿತ್ತು. ಗಂಜಿಯಲ್ಲ, ಮೀನಿನ ಹೊಟ್ಟೆಗಳು. ಎಷ್ಟು ಮೀನಿವೆ ಎಂದು ಇಲಾಖೆ ಕೇಳಿತ್ತಲ್ಲ, ಇನ್ನು ಅಂದಾಜು ಬೇಕಿರಲಿಲ್ಲ. ಅಷ್ಟೂ ದಂಡೆಗೆ ಬಂದು ಬಿದ್ದಿದ್ದವು. ಕಸ್ತೂರಿ ಮೊಣಕಾಲು ಮಟ ನೀರಿನಲ್ಲಿ ನಿಂತು ಕೆಂಪು ನೂಲಿನವನ್ನು ಹುಡುಕಿ ಹುಡುಕಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು.

ದಂಡೆಯ ಮೇಲಿನ ಗಂಡಸರು ಕುದಿಯುತ್ತಿದ್ದರು. “ಬಣ್ಣದ ನೀರ ಬಿಟ್ಟು ಕೊಂದಾರ. ನಡೀರಿ, ಆ ರಂಗಾರಿ ಮನಿಗೆ!” ಎಂದು ಬಡಿಗೆ ಹಿಡಿದು ಹೊರಟೇಬಿಟ್ಟರು. ನೂಲಿಗೆ ಬಣ್ಣ ಹಾಕುವ ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ನಾನು ಅಡ್ಡ ನಿಂತು ನೀರನ್ನು ಬಾಟಲಿಗೆ ತುಂಬಿ ಅಲ್ಲೇ ಪರೀಕ್ಷೆ ಮಾಡಿದೆ. ಆಕ್ಸಿಜನ್ ಇಲ್ಲವೆನ್ನುವಷ್ಟು ಕಡಿಮೆ. ಹುಳಿ ವಾಸನೆ ಉಳಿದದ್ದನ್ನು ಹೇಳುತ್ತಿತ್ತು: ಗಂಜಿ ಕೊಳೆತು, ಉಳಿದಿದ್ದ ಉಸಿರನ್ನೂ ನುಂಗಿತ್ತು.

ಹನಮಂತಪ್ಪ ಹತ್ತಿರ ಬಂದ. ಅವನಿಗೆ ಆಗಲೇ ಅರ್ಥವಾಗಿತ್ತು. “ಬ್ಯಾರೆ ಏನರ ಹೇಳ್ರಿ ಸಾಹೇಬ್ರ, ನಿಮ್ಮ ಕಾಲ ಬೀಳ್ತೇನಿ,” ಎಂದು ಪಿಸುಗುಟ್ಟಿದ.

ಧಗೆಗೆ ಸತ್ತಿವೆ ಎಂದು ಹೇಳಿ ನೋಡಿದೆ. ಯಾರೂ ಒಪ್ಪಲಿಲ್ಲ, ಬಡಿಗೆಗಳು ಕೆಳಗಿಳಿಯಲಿಲ್ಲ. ಕೊನೆಗೆ ನಿಜವನ್ನೇ ಹೇಳಿದೆ. ಮೀನು ಹಸಿದಿರಲಿಲ್ಲ, ಉಸಿರಿಗಾಗಿ ಬಾಯಿ ತೆರೆದಿದ್ದವು; ಗಂಜಿಯಿಂದ ಸತ್ತವು. ಒಬ್ಬೊಬ್ಬರೇ ಬಡಿಗೆ ಕೆಳಗಿಟ್ಟರು. ಎಲ್ಲರೂ ತಲೆ ತಗ್ಗಿಸಿದರು, ಕಸ್ತೂರಿಯೊಬ್ಬಳನ್ನು ಬಿಟ್ಟು.

“ಹಂಗಾರ ಇವೂ ನನ್ನ ಕೈಯಾಗ ಸತ್ತೂ,” ಎಂದಳು. ಅಷ್ಟೇ. ಸೆರಗು ಬಿಟ್ಟಳು, ಮೀನುಗಳು ನೀರಿಗೆ ಬಿದ್ದವು. ಹನಮಂತಪ್ಪ ಗೋಳೋ ಎಂದು ಅತ್ತ. ನಾನೂ ಅತ್ತೆ, ಸರ್ಕಾರಿ ನೌಕರ ಎಂಬುದು ನೆನಪಾಗಲಿಲ್ಲ.

ಮಳೆಗಾಲದಲ್ಲಿ ಕೆರೆ ತುಂಬಿತು. ಹೊಸ ಮರಿಗಳನ್ನು ತಂದು, ಮೊದಲ ಕೊಡವನ್ನು ಹನಮಂತಪ್ಪನ ಮನೆಯ ಅಂಗಳದಲ್ಲಿಟ್ಟೆ. ಕಸ್ತೂರಿ ಬಹಳ ಹೊತ್ತು ಕೊಡದೊಳಗೆ ನೋಡಿದಳು.

“ಇವಕ್ಕ ಏನ್ ಹಾಕಬೇಕ್ರಿ?”

“ಏನೂ ಹಾಕಬ್ಯಾಡವಾ. ಕೆರಿಯಾಗ ಎಲ್ಲಾ ಐತಿ.”

“ಏನೂ ಹಾಕಲಾರದ ಹೆಂಗ ಜೋಪಾನ ಮಾಡೂದ್ರಿ?” ಎಂದು ಕೇಳಿ, ಕೊಡವನ್ನು ನನ್ನ ಕಡೆಗೆ ಸರಿಸಿ ಒಳಗೆ ಹೋದಳು.

ನೀರಿನಲ್ಲಿ ಏನಿಲ್ಲ ಎಂದು ಕಂಡುಹಿಡಿಯುವುದನ್ನು ಇಲಾಖೆ ನನಗೆ ಕಲಿಸಿತ್ತು. ಕಂಡುಹಿಡಿದದ್ದನ್ನು ಬಾಯಿಬಿಟ್ಟು ಹೇಳುವ ಸಂಕಟವನ್ನು ಆ ಕೆರೆ ಕಲಿಸಿತು. ಅಂದು ಕೊಡವನ್ನು ನಾನೊಬ್ಬನೇ ಹೊತ್ತೊಯ್ದು ಮರಿಗಳನ್ನು ಬಿಟ್ಟೆ. ಅವು ಚೆನ್ನಾಗಿ ಬೆಳೆದವು. ನೂಲು ಕಟ್ಟಲು ಅವಳು ಬರಲಿಲ್ಲ.