ವಾರ್ಡಿಲ್ಲದ ಲಾರ್ಡು

ಗೆದ್ದಳು ಕಣ್ರೀ! ನನ್ನ ಮೊಮ್ಮಗಳು ಚೈತ್ರ ಟಿ. ನರಸೀಪುರದ ಭಾಷಣ ಸ್ಪರ್ಧೇಲಿ ಫಸ್ಟ್ ಪ್ರೈಜ್ ಹೊಡೆದಳು! ಬಹುಮಾನದ ಕಪ್ಪು ಇನ್ನೂ ನನ್ನ ತೊಡೆ ಮೇಲೇ ಇದೆ. ಒಂದು ಕೈಲಿ ಅದನ್ನ ಹಿಡ್ಕೊಂಡೇ ಈ ವಾರದ ಅಂಕಣ ಬರೀತಿದೀನಿ. ಅಕ್ಷರ ಸೊಟ್ಟಗಿದ್ರೆ (ಯಾವತ್ತು ನೆಟ್ಟಗಿತ್ತು ಅಂತೀರಾ?) ತಿದ್ದೋರು ತಿದ್ಕೊಳ್ಳಲಿ.

ಇಷ್ಟು ಕುಣಿತ ಯಾಕೆ? ಹೋದ ವರ್ಷ ಇದೇ ಸ್ಟೇಜ್ ಮೇಲೆ ಮಾತು ಮರೆತು ನಿಂತುಬಿಟ್ಟಿದ್ದಳು. ಹುಡುಗರು ಶಿಳ್ಳೆ ಹೊಡೆದ್ರು. ಅಳ್ತಾ ಇಳಿದೋಳು, "ಇನ್ಮೇಲೆ ಮೈಕ್ ಮುಟ್ಟಲ್ಲ ಅಜ್ಜಿ" ಅಂದಿದ್ದಳು. ಈ ಸಲ ಸ್ಕೂಲ್ ಮೇಡಂ ಬಲವಂತಕ್ಕೆ ಹೆಸರು ಕೊಟ್ಟಳು. ಮತ್ತೆ ಎಡವಿದ್ರೆ? ಮುಗೀತು, ಆ ಹುಡುಗಿ ಬಾಯಿ ಬಿಡೋದು ಊಟಕ್ಕೆ ಮಾತ್ರ.

ಸಿಕ್ಕ ವಿಷಯ, ನಮ್ಮನ್ನ ಆಳೋಕೆ ಬಂದಿದ್ದ ಒಬ್ಬ ಇಂಗ್ಲಿಷ್ ಲಾರ್ಡ್‌ನ ಜೀವನ. ಹೆಸರಿಗೆ ನನ್ನ ನಾಲಿಗೆ ಹೊರಳಲ್ಲ, ಬಿಡಿ. ನಮ್ಮೂರು ಹದಿನಾರಲ್ಲಿ, ಮನೆ ಜಗಲಿ ಮೇಲೆ ಅವಳು ಒಪ್ಪಿಸ್ತಿದ್ದಳು, ನಾನು ಅವರೆಕಾಯಿ ಸುಲೀತಿದ್ದೆ.

"ಅವರು ದೊಡ್ಡ ಲಾರ್ಡ್. ಲಂಡನ್ ಪಾರ್ಲಿಮೆಂಟಿನ ಮೆಂಬರ್..."

ನನ್ನ ಕಿವೀಲಿ ಲಾರ್ಡ್ ಹೋಗಿ ವಾರ್ಡ್ ಆಯ್ತು. ನಾನೂ ಒಂದು ಕಾಲಕ್ಕೆ ಪಂಚಾಯ್ತಿ ಮೆಂಬರ್ ಅಲ್ವಾ? ಬಾಯಿಗೆ ಬರೋದೇ ಆ ಪ್ರಶ್ನೆ.

"ಯಾವ ವಾರ್ಡವ್ವ?"

"ವಾರ್ಡಲ್ಲ ಅಜ್ಜಿ, ಲಾರ್ಡ್! ಅವರಿಗೆ ವಾರ್ಡೇ ಇಲ್ಲ."

"ಮತ್ತೆ ಓಟು ಯಾರಾಕಿದ್ರು?"

"ಯಾರೂ ಇಲ್ಲ. ಅವರಪ್ಪ ತೀರ್ಕೊಂಡ್ರು, ಆ ಸೀಟು ಇವರಿಗೆ ಬಂತು. ಆಮೇಲೆ ಮಂತ್ರಿ ಆದ್ರು. ಆಮೇಲೆ ಇಲ್ಲಿಗೆ ಗವರ್ನರ್."

"ಇಲ್ಲಾದ್ರೂ ಓಟಾಕಿದ್ರಾ?"

"ಇಲ್ಲ ಅಜ್ಜಿ."

"ಅಯ್ಯೋ ಇವನ! ಒಂದು ಓಟಿಗೆ ನಾನು ಮಾತು ಬಿಟ್ಟಿದ್ದ ಓರಗಿತ್ತಿ ಕೈಕಾಲು ಇಡ್ದಿದ್ದೆ. ಇವ್ನು ಓಟೇ ಇಲ್ದೆ ಆಳ್ಬುಟ್ನಾ?"

ಮೊನ್ನೆ ಅವಳ ಜೊತೆ ನಾನೂ ಬಸ್ಸತ್ತಿದೆ. ಮುಂದಿನ ಸಾಲಲ್ಲೇ ಕೂತೆ. (ವಿಐಪಿ ಸೀಟಂತೆ. ಎಬ್ಬಿಸಿದ್ರೆ ಏಳೋಣ ಅಂದ್ಕೊಂಡೆ, ಯಾರೂ ಎಬ್ಬಿಸ್ಲಿಲ್ಲ.)

ಚೈತ್ರ ಶುರು ಮಾಡಿದಳು. "ಲಂಡನ್ ಪಾರ್ಲಿಮೆಂಟಿನ ಮೆಂಬರ್..." ಅಂದಳು. ನಿಂತಳು. ಮಾತಿಲ್ಲ! ಹಿಂದಿಂದ ಒಂದು ಶಿಳ್ಳೆ. ಅವಳು ನನ್ನ ಕಡೆ ನೋಡಿದಳು. ಮುಖದಲ್ಲಿ ಸಣ್ಣಗೆ ನಗು ಬಂತು.

"ನಮ್ಮಜ್ಜಿ ಕೇಳಿದ್ರು, ಈ ಮೆಂಬರ್ ಯಾವ ವಾರ್ಡು ಅಂತ!"

ಸಭೆಯೆಲ್ಲ ಘೊಳ್ ಅಂತ ನಕ್ಕಿತು. ಆಮೇಲೆ ಅವಳನ್ನ ಹಿಡಿಯೋರು ಯಾರು?

"ಇವರಿಗೆ ವಾರ್ಡಿರಲಿಲ್ಲ. ಓಟು ಕೇಳ್ಕೊಂಡು ಯಾರ ಬಾಗಿಲಿಗೂ ಹೋದವರಲ್ಲ. ಅದಕ್ಕೇ ನಮ್ಮ ಬಾಗಿಲೊಳಗೆ ಒಲೆ ಹತ್ತಿದೆಯೋ ಇಲ್ಲವೋ ಅಂತ ಅವರಿಗೆ ಗೊತ್ತಾಗಲೇ ಇಲ್ಲ!"

ಶಿಳ್ಳೆ ಹೊಡೆದವನೇ ಎದ್ದು ನಿಂತು ಚಪ್ಪಾಳೆ ಹೊಡೆದ. ನಾನಂತೂ ಪಕ್ಕದಲ್ಲಿದ್ದ ಯಾರೋ ದೊಡ್ಡ ಮನುಷ್ಯರ ಬೆನ್ನಿಗೆ ಗುದ್ದಿ, "ನನ್ ಮೊಮ್ಮಗಳು ಸಾ!" ಅಂದೆ.

ಅವತ್ತು ಸಾಯಂಕಾಲ ಮನೇಲಿ ಮುದ್ದೆ, ಕೋಳಿ ಸಾರು. ನನ್ನ ಮಗ ಮಹದೇವ, ಚೈತ್ರನ ಅಪ್ಪ, ಎಂದಿನಂತೆ ಮೊದಲೇ ಚಕ್ಕಳಮಕ್ಕಳ ಹಾಕಿ ಕೂತ. ನಮ್ಮಲ್ಲಿ ಗಂಡಸರು ಉಂಡ ಮೇಲೇ ನಮ್ಮ ಸರದಿ.

"ಮೊದ್ಲು ನಂಗೆ ಬಡುಸ್ರಮ್ಮಿ, ಒಟ್ಟೆ ಅಸೀತಾದೆ."

ಚೈತ್ರ ಸೌಟು ಹಿಡ್ಕೊಂಡೇ ಕೇಳಿದಳು: "ಅಪ್ಪಾ, ನೀವ್ಯಾವ ವಾರ್ಡು?"

ಸೊಸೆ ಸೆರಗು ಬಾಯಿಗೆ ಒತ್ಕೊಂಡಳು. ಮಹದೇವ ನನ್ನ ಮುಖ ನೋಡಿದ. ನಾನು ಕಪ್ಪು ಒರೆಸ್ತಾ ಕೂತೆ. ಕೊನೆಗೆ ಅವನೇ ನಕ್ಕು ಎದ್ದ, ಎಲ್ಲರಿಗೂ ತಟ್ಟೆ ಹಾಕಿದ, ಸೌಟು ಈಸ್ಕೊಂಡು ಮೊದಲು ಮಗಳಿಗೆ ಬಡಿಸಿದ. ಈ ಮನೆಗೆ ನಾನು ಸೊಸೆಯಾಗಿ ಬಂದಾಗಿಂದ ಮೊದಲ ಸಲ, ಎಲ್ಲರೂ ಒಂದೇ ಸಾಲಲ್ಲಿ ಕೂತು ಉಂಡ್ವಿ.

ಅದಿರಲಿ, ನಿಮ್ಮ ಮನೆ ಲಾರ್ಡು ಯಾವ ವಾರ್ಡು?