ಅತ್ತಿಗೆಯ ಊರಿನಲ್ಲಿ ಹೋಟೆಲ್ ವಾಸ

ಭದ್ರಾವತಿಯಲ್ಲಿ ಗಂಡನ ಒಡಹುಟ್ಟಿದ ಅಕ್ಕ ಇರುವಾಗ ಅದೇ ಊರಿನ ಹೋಟೆಲಿನಲ್ಲಿ ರಾತ್ರಿ ಕಳೆಯುವುದೆಂದರೆ, ನಮ್ಮ ಕಡೆ ಅದು ಮಾತು ಬಿಟ್ಟವರು ಮಾಡುವ ಕೆಲಸ. ನನಗೆ ಯಾರ ಮೇಲೂ ಮುನಿಸಿರಲಿಲ್ಲ. ಆದರೆ ಮದುವೆಯಾದಂದಿನಿಂದ ಎಲ್ಲಿಗೆ ಹೋದರೂ ನೆಂಟರ ಮನೆ, ಅಲ್ಲಿ ನನಗೆ ಅಡುಗೆಮನೆ. ಸವಳಂಗ ರಸ್ತೆಯ ನಮ್ಮ ಮನೆಯಲ್ಲಿ ದೋಸೆ ಹುಯ್ಯುವುದನ್ನು ಬಿಟ್ಟು ಇನ್ನೊಬ್ಬರ ಮನೆಯಲ್ಲಿ ಹುಯ್ಯುವುದಕ್ಕೆ ಪ್ರವಾಸ ಎಂದು ಹೆಸರು. ಒಂದೇ ಒಂದು ಬೆಳಿಗ್ಗೆ, ಬೇರೆಯವರು ಮಾಡಿಕೊಟ್ಟ ಕಾಫಿಯನ್ನು ಹಾಸಿಗೆಯ ಮೇಲೇ ಕೂತು ಕುಡಿಯಬೇಕು ಎನ್ನುವುದು ನನ್ನ ಹಟ. ಈ ಸಲ ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಎಂಥ ಸೀರೆ ಬೇಕು ಎಂದು ಇವರು ಕೇಳಿದಾಗ, ಸೀರೆ ಬೇಡ, ಭದ್ರಾವತಿಯ ಬಂಗಲೆ ಹೋಟೆಲಿನಲ್ಲಿ ಒಂದು ರಾತ್ರಿ ಬೇಕು ಎಂದೆ.

ಅದು ಯಾವುದೋ ಕಾಲದಲ್ಲಿ ಒಬ್ಬ ಬಿಳಿಯ ಎಂಜಿನಿಯರ್ ಇದ್ದ ಬಂಗಲೆ, ಈಗ ಹೋಟೆಲು. ಭದ್ರಾವತಿಯ ಸೆಕೆಯಲ್ಲಿ ಚಳಿ ಕಾಯಿಸಿಕೊಳ್ಳಲು ಗೋಡೆಯೊಳಗೆ ಒಲೆ ಕಟ್ಟಿಸಿದ್ದ ಪುಣ್ಯಾತ್ಮ! ಪ್ರತಿ ಬಾಗಿಲಿಗೂ ಎರಕದ ಒಂದೊಂದು ಪ್ರಾಣಿಯ ತಲೆಯೇ ಹಿಡಿಕೆ. ನಮ್ಮ ಪಾಲಿಗೆ ಕೋತಿ ಬಂದಿತ್ತು. ಬಚ್ಚಲಲ್ಲಿ ಹುಲಿಪಂಜದ ಮೇಲೆ ನಿಂತ ಸ್ನಾನದ ತೊಟ್ಟಿ. ತ್ಯಾವರೆಕೊಪ್ಪದ ಸಫಾರಿಯ ಹುಲಿಗಳಿಗೂ ಅಷ್ಟು ದಪ್ಪ ಪಂಜ ಇರಲಾರದು. ನಾನು ಖುಷಿಯಿಂದ ಎಲ್ಲ ಬಾಗಿಲನ್ನೂ ತೆರೆದು ಮುಚ್ಚಿ ನೋಡಿದೆ.

ಇವರು ಮಾತ್ರ ಕಳ್ಳತನಕ್ಕೆ ಬಂದವರ ಹಾಗೆ ಕಿಟಕಿಯ ಪರದೆ ಎಳೆದುಕೊಂಡು ಕೂತಿದ್ದರು. ಸಂಜೆಯಾಗುತ್ತಲೇ ಮನಸ್ಸು ತಡೆಯಲಿಲ್ಲ. ಏನಿದ್ದರೂ ಅಕ್ಕನಿಗೆ ಹೇಳುವುದು ಹುಟ್ಟಿದಾಗಿನಿಂದ ಬಂದ ಅಭ್ಯಾಸ ನೋಡಿ, ಫೋನ್ ಮಾಡಿ, ಊಟಕ್ಕೆ ಬರಲ್ಲ, ನಮಗೆ ಕಾಯಬೇಡ ಎಂದುಬಿಟ್ಟರು. ನಾವು ಊರಿಗೆ ಬಂದಿದ್ದೇ ಗೊತ್ತಿರದ ಆಕೆ ಕಾಯುವುದಾದರೂ ಹೇಗೆ? ಎಲ್ಲಿದ್ದೀಯ ಎಂದು ಆಕೆ ಗದರಿದ್ದಕ್ಕೆ ಬಂಗಲೆಯ ವಿಳಾಸವನ್ನೂ ಒಪ್ಪಿಸಿದರು. ನಾನು ತಲೆ ಚಚ್ಚಿಕೊಂಡೆ.

ಸ್ವಲ್ಪ ಹೊತ್ತಿಗೆಲ್ಲ ಆಟೋ ಬಂತು. ಅತ್ತಿಗೆ ಕೈಯಲ್ಲಿ ಚಿತ್ರಾನ್ನದ ಕ್ಯಾರಿಯರ್, ಮುಖದಲ್ಲಿ ಬೆಂಕಿ.

“ನಾನು ಬದುಕಿದೀನೋ ಇಲ್ವೋ? ಏಳಿ, ಬ್ಯಾಗ್ ತಗೊಳ್ಳಿ.”

ಇವರು ಆಗಲೇ ಬ್ಯಾಗಿಗೆ ಕೈ ಹಾಕಿದ್ದರು. ನನ್ನ ಕಾಫಿ ಹೋಯಿತು. ಅದುವರೆಗೆ ಅತ್ತಿಗೆಗೆ ಒಂದು ದಿನವೂ ಎದುರಾಡಿದವಳಲ್ಲ ನಾನು. ಅವತ್ತು ಎಲ್ಲಿತ್ತೋ ಧೈರ್ಯ, ಮಂಚದಿಂದ ಏಳಲೇ ಇಲ್ಲ.

“ಅತ್ತಿಗೆ, ನಿಮ್ಮನೆಗೆ ಬಂದ್ರೆ ನಾನೂ ಒಲೆ ಮುಂದೆ, ನೀವೂ ಒಲೆ ಮುಂದೆ. ನಾನು ಬರಲ್ಲ. ನೀವೇ ಇಲ್ಲಿರಿ.”

ಅತ್ತಿಗೆ ಕೋಣೆಯನ್ನು ಒಂದು ಸುತ್ತು ನೋಡಿದರು. ಬಚ್ಚಲಿಗೆ ಹೋಗಿ ತೊಟ್ಟಿಯ ಅಂಚನ್ನು ಸವರಿದರು. ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿದರು. ಆಮೇಲೆ ತಮ್ಮನ ಕೈಗೆ ಕ್ಯಾರಿಯರ್ ಕೊಟ್ಟು, “ನೀನು ಮನೆಗೆ ಹೋಗಿ ಭಾವನ ಜೊತೆ ಮಲಗು,” ಎಂದರು. ಮದುವೆಯ ದಿನ ಎಂದು ಇವರು ಗೊಣಗಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇವರು ಅದೇ ಆಟೋದಲ್ಲಿ ಹೋದರು.

ಊಟಕ್ಕೆ ಮೊದಲು ಬಂಗಲೆಯ ಮಾಲೀಕರು ತಾವೇ ಮಾಡಿದ ನೇರಳೆ ಹಣ್ಣಿನ ವೈನನ್ನು ಪುಟ್ಟ ಲೋಟಗಳಲ್ಲಿ ತಂದರು. ಇದು ವೈನು, ಬೇಡವಾದರೆ ಬಿಡಿ ಎಂದೂ ಹೇಳಿದರು. ಬಾಣಂತನದಲ್ಲಿ ಇದಕ್ಕಿಂತ ಖಡಕ್ಕಾದ ಅರಿಷ್ಟ ಕುಡಿದಿದ್ದೇನೆ ಎಂದ ಅತ್ತಿಗೆ ಗಟಗಟ ಮುಗಿಸಿದರು. ಎಷ್ಟು ನಕ್ಕೆವೆಂದರೆ ನನಗೆ ಹೊಟ್ಟೆ ಹಿಡಿದುಕೊಂಡಿತು. ಇಷ್ಟು ವರ್ಷ ನಾನು ಹೆದರುತ್ತಿದ್ದದ್ದು ಈ ಅತ್ತಿಗೆಗಾ ಎನಿಸಿತು.

ಬೆಳಿಗ್ಗೆ ಬಿಸಿಲು ಮಂಚದವರೆಗೂ ಬಂದ ಮೇಲೆ ಕಾಫಿ ಬಂತು. ಕಾಲು ಚಾಚಿ ಕೂತು ಕುಡಿದೆ. ಕಾಫಿ ನೀರಾಗಿತ್ತು. ಆಗಲಿ, ನಾನು ಮಾಡಿದ್ದಲ್ಲವಲ್ಲ! ಗೆದ್ದೆ ಅನ್ನಿಸಿತು, ಜೋರಾಗಿಯೇ ಹಾಗೆಂದೆ.

ಪಕ್ಕದಲ್ಲಿ ಅತ್ತಿಗೆ ಎರಡು ದಿಂಬಿಗೆ ಒರಗಿ ಕೂತಿದ್ದರು. ಅವರ ಫೋನು ಬಡಿದುಕೊಂಡಿತು. ಅವರ ಯಜಮಾನರು: ಡಿಕಾಕ್ಷನ್ ಇಳಿಯುತ್ತಿಲ್ಲ, ಹಾಲು ಉಕ್ಕಿತು, ಯಾವಾಗ ಬರ್ತೀಯಾ. ಅಷ್ಟರಲ್ಲಿ ಮಾಲೀಕರು ತಿಂಡಿಗೆ ಏನು ಮಾಡಿಸಲಿ ಎಂದು ಕೇಳಲು ಬಾಗಿಲಿಗೆ ಬಂದರು. ಅತ್ತಿಗೆ ಫೋನನ್ನು ಕಿವಿಯಿಂದ ಕೊಂಚ ಸರಿಸಿ ಅವರ ಕಡೆ ತಿರುಗಿದರು.

“ಈ ರೂಮು ಇವತ್ತು ರಾತ್ರಿನೂ ಖಾಲಿ ಇದೆಯಾ?”

ಫೋನನ್ನು ಇನ್ನೂ ಕಟ್ ಮಾಡಿರಲಿಲ್ಲ.