ಯಾರೂ ಮುಟ್ಟದ ಜಾಗ

ದೆವ್ವ, ಗಾಳಿ ಎಂದು ಯಾರಾದರೂ ಕಥೆ ಶುರು ಮಾಡಿದರೆ ಎದ್ದು ಹೋಗುವ ಜಾತಿಯವನು ನಾನು. ಆರೋಗ್ಯ ಇಲಾಖೆಯಲ್ಲಿ ಊರೂರು ಅಲೆಯುವವನಿಗೆ ಬದುಕಿರುವವರ ಕಾಟವೇ ಬೇಕಾದಷ್ಟು. ಹಾಗಿದ್ದೂ ಕೆಲವು ವರ್ಷಗಳ ಹಿಂದೆ ಹಾಡಹಗಲಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಆಗ ಅಜ್ಜಂಪುರದ ಕಡೆ ಕೆಲಸದಲ್ಲಿದ್ದೆ. ಈರುಳ್ಳಿ ಕೀಳಲು ರಾಯಚೂರು ಕಡೆಯಿಂದ ಬಂದವರು ಶಿವನಿ ಹತ್ತಿರ ಗುಡಾರ ಹಾಕಿದ್ದರು. ಅವರಲ್ಲಿ ದುರುಗಪ್ಪ ಎಂಬವನಿಗೆ ತಿಂಗಳಿಂದ ಕೆಮ್ಮು. ಕಫ ಪರೀಕ್ಷೆಗೆ ಕಳಿಸಿ, "ರಿಪೋರ್ಟ್ ಬಂದ್ ತಕ್ಷಣ ನಾನೇ ಮಾತ್ರೆ ತಂದ್ಕೊಡ್ತೀನಿ, ಎಲ್ಲೂ ಹೋಗ್ಬೇಡಪ್ಪಾ" ಎಂದಿದ್ದೆ. ಶುಕ್ರವಾರ ರಿಪೋರ್ಟ್ ಬಂತು: ಕ್ಷಯ. ಮರುದಿನ ಷಡ್ಡಕನ ಮನೆಯ ಗೃಹಪ್ರವೇಶ. ಸೋಮವಾರ ಹೋದರಾಯಿತು ಎಂದುಕೊಂಡೆ. ಸೋಮವಾರ ಹೋದರೆ ಹೊಲ ಖಾಲಿ. ಅವರನ್ನು ಕರೆತಂದಿದ್ದ ಮೇಸ್ತ್ರಿಗೆ ಒಂದು ಫೋನ್ ಮಾಡಿದ್ದರೆ ಸಿಗುತ್ತಿದ್ದರು. ತಾಲ್ಲೂಕು ದಾಟಿದವರು ನಮ್ಮ ತಲೆನೋವಲ್ಲ ಎಂದು, 'ಊರು ಬಿಟ್ಟಿದ್ದಾರೆ' ಅಂತ ಬರೆದು ಕೈತೊಳೆದುಕೊಂಡೆ.

ಮರುವರ್ಷ ನನ್ನನ್ನು ಕಡೂರಿಗೆ ಹಾಕಿದರು. ಕುಷ್ಠರೋಗದ ತಪಾಸಣೆಗೆಂದು ಆಶಾ ಕಾರ್ಯಕರ್ತೆ ಶಾರದಮ್ಮನ ಜೊತೆ ಸಖರಾಯಪಟ್ಟಣದ ಹೊರಗಿನ ಗುಡಾರಗಳಿಗೆ ಹೋದೆ. ಅಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದವರು ಅದೇ ಜನ. ದುರುಗಪ್ಪ ಮಳೆಗಾಲದಲ್ಲಿ ರಕ್ತ ಕಾರಿ ಸತ್ತನೆಂದು ಮೇಸ್ತ್ರಿ ಹೇಳಿದ. ನಾನು ತಪಾಸಣೆಯ ಪಟ್ಟಿ ತೆರೆದು ಮೊದಲ ಹೆಸರು ಕರೆದೆ.

ಅವನ ಹೆಂಡತಿ ಹನುಮವ್ವನ ಸರದಿ ಬಂತು. ನಮ್ಮ ಪರೀಕ್ಷೆ ಸರಳ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟುತ್ತೇವೆ, ಮುಟ್ಟಿದ ಕಡೆ ಅವರು ಬೆರಳಿಡಬೇಕು. ಮುಂಗೈ, ಭುಜ ಎಲ್ಲ ಸರಿಯಾಗಿ ತೋರಿಸಿದಳು. ಶಾರದಮ್ಮ ಹತ್ತಿ ಕೆಳಗಿಟ್ಟು ಬರೆದುಕೊಳ್ಳುತ್ತಿದ್ದಾಗ, ಕಣ್ಣು ಮುಚ್ಚಿಕೊಂಡೇ ಇದ್ದ ಹನುಮವ್ವ ತನ್ನ ಎಡಮೊಣಕೈಯ ಹಿಂದೆ ಬೆರಳಿಟ್ಟಳು.

"ಇಲ್ಲಿ ನೋಡ್ರಿ."

"ನಾನು ಮುಟ್ಟೇ ಇಲ್ವಲ್ಲಮ್ಮಾ!" ಎಂದಳು ಶಾರದಮ್ಮ.

"ಗಟ್ಟಿಯಾಗಿ ಹಿಡಕೊಂಡ್ರಲ್ರಿ. ನಮ್ಮನಿಯವ್ರು ಕೆಮ್ಮು ಬಂದಾಗ ಹಿಂಗ ಹಿಡಕೊಂತಿದ್ರು."

ಕೈ ತಿರುಗಿಸಿ ನೋಡಿದೆವು. ಎಂಟಾಣೆಯಷ್ಟಗಲದ ಬಿಳಿಚಿದ ಮಚ್ಚೆ. ಶಾರದಮ್ಮ ಅದರ ಮೇಲೆ ನಿಜವಾಗಿಯೇ ಹತ್ತಿ ಸವರಿದರೆ ಹನುಮವ್ವನಿಗೆ ಏನೂ ಗೊತ್ತಾಗಲಿಲ್ಲ. ಕುಷ್ಠದ ಗುರುತೇ ಅದು; ಬೇಗ ಸಿಕ್ಕಿದ್ದರಿಂದ ಮಾತ್ರೆಯಲ್ಲೇ ವಾಸಿಯಾಯಿತು.

ನರದ ಕಾಯಿಲೆಯಲ್ಲಿ ಇಂಥ ಭ್ರಮೆ ಆಗಬಹುದು ಎಂದರು ಡಾಕ್ಟರು. ಆಗಬಹುದು. ಆದರೆ ನಾನು ಕೈಬಿಟ್ಟವನೇ ಬಂದು ನನ್ನ ಕೆಲಸ ಮಾಡಿಕೊಟ್ಟ ಎಂದು ಮನಸ್ಸು ಹೇಳುತ್ತದೆ. ಬುದ್ಧಿ ಇವತ್ತಿಗೂ ಒಪ್ಪುವುದಿಲ್ಲ. ಯಾವುದು ನಿಜವೋ ನನಗೆ ಗೊತ್ತಿಲ್ಲ.

ಅವತ್ತು ಹೊರಡುವಾಗ ಹನುಮವ್ವ ನನ್ನ ಗುರುತು ಹಿಡಿದಳು.

"ಶಿವನಿಗೆ ಬಂದಿದ್ರಲ್ರೀ ಸಾಹೇಬ್ರ? ಆಯ್ತವಾರ ಟ್ರ್ಯಾಕ್ಟರ್ ಬಂದ್ರೂ ಅವ್ರು ಹತ್ತಲಿಲ್ಲ. ಸಾಹೇಬ್ರು ಗುಳಿಗಿ ತರ್ತಾರ ಅಂತ ಸಂಜೀತನಕ ನಿಮ್ಮ ದಾರಿ ನೋಡಿದ್ರು. ಇನ್ನೂ ರಿಪೋರ್ಟ್ ಬಂದಿದ್ದಿಲ್ಲೇನ್ರಿ?"

ಅವಳ ಮುಖ ನೋಡಲಾಗಲಿಲ್ಲ.

"ಬಂದಿರ್ಲಿಲ್ಲ ಕಣಮ್ಮಾ" ಎಂದೆ.